ಕೈ ನಡುಗಿದ್ದು ಕುಡಿದಿದ್ದಕ್ಕಲ್ಲ

ಮರಳೂರಿನ ಗುಂಡಯ್ಯನ ಅಂಗಡಿ ಮುಂದೆ ಬಸವಪ್ರಭು ಟೀ ಲೋಟ ಎತ್ತಿದ. ಅರ್ಧ ಬಾಯಿಗೆ ಹೋಯಿತು, ಅರ್ಧ ಅಂಗಿಯ ಮೇಲೆ ಬಿತ್ತು.

"ಏನ್ಲಾ, ಬೆಳಿಗ್ಗೆ ಬೆಳಿಗ್ಗೇನೇ ಏರಿಸ್ಕೊಂಡ್ ಬಂದ್ಯಾ?" ಎಂದ ಗುಂಡಯ್ಯ. "ನಿಮ್ಮಪ್ಪ ಮಠಕ್ಕೆ ನಡ್ಕೊಳೋ ಮನುಷ್ಯ ಕಣೋ. ಅವ್ರ ಮರ್ಯಾದೆನಾದ್ರೂ ನೋಡ್ಬಾರ್ದಾ?"

ಬೆಂಚಿನ ಮೇಲಿದ್ದವರು ನಕ್ಕರು. ಹತ್ತೊಂಬತ್ತರ ಹುಡುಗ ಒಂದು ಹನಿ ಹೆಂಡ ಮುಟ್ಟಿದವನಲ್ಲ. ಆದರೂ ಇಲ್ಲ ಎನ್ನಲಿಲ್ಲ.

"ನಿನ್ನೆ ಸ್ವಲ್ಪ ಜಾಸ್ತಿ ಆಯ್ತು ಗುಂಡಣ್ಣ" ಎಂದು ತಾನೂ ನಕ್ಕ.

ಕುಡುಕ ಅಂದರೆ ನಾಲ್ಕು ದಿನ ಆಡಿಕೊಂಡು ಸುಮ್ಮನಾಗುತ್ತಾರೆ. ಕಾಯಿಲೆಯವನು ಅಂದರೆ ಬದುಕಿರುವಷ್ಟು ದಿನವೂ ಅಯ್ಯೋ ಪಾಪ ಎನ್ನುತ್ತಾರೆ. ಅದು ಅವನ ಲೆಕ್ಕ.

ಅವನು ಚಿಕ್ಕವನಿದ್ದಾಗ ಕಾಮಾಲೆ ಬಂದಿತ್ತು. ಮಕ್ಕಳ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ, ಇದು ವಿಲ್ಸನ್ ಕಾಯಿಲೆ, ಹುಟ್ಟಿನಿಂದ ಬರುವ ಅಪರೂಪದ ಕಾಯಿಲೆ ಎಂದರು. ಊಟದಲ್ಲಿರುವ ಚೂರು ತಾಮ್ರವನ್ನು ನಮ್ಮ ದೇಹ ಹೊರಗೆ ಹಾಕುತ್ತದೆ. ಅವನ ದೇಹಕ್ಕೆ ಅದು ಬಾರದು. ತಾಮ್ರ ಲಿವರಿನಲ್ಲಿ, ಮೆದುಳಿನಲ್ಲಿ ಕೂರುತ್ತದೆ. ದಿನವೂ ಮಾತ್ರೆ ತೆಗೆದುಕೊಂಡರೆ ಎಲ್ಲರಂತೆ ಬದುಕಬಹುದು. ಬಿಟ್ಟರೆ ಜೀವಕ್ಕೇ ಅಪಾಯ. ತಾಯಿ ತಿಪ್ಪಮ್ಮ ಅವತ್ತೇ ಮನೆಯ ತಾಮ್ರದ ಚೊಂಬನ್ನು ಅಟ್ಟಕ್ಕೆ ಹಾಕಿದಳು. ಮಾತ್ರೆ ಕೊಡುವವಳು ಅವಳೇ, ಡಾಕ್ಟರ ಹತ್ತಿರ ಮಾತಾಡುವವಳೂ ಅವಳೇ. ನೆಂಟರು ಕೇಳಿದರೆ ಮಾತ್ರ "ಗ್ಯಾಸ್ಟ್ರಿಕ್" ಎನ್ನುತ್ತಿದ್ದಳು, ಮಗನಿಗೂ ಹಾಗೇ ಅನ್ನು ಎಂದು ಕಲಿಸಿದ್ದಳು.

ಹದಿನೆಂಟು ತುಂಬಿದಾಗ ಮಕ್ಕಳ ಡಾಕ್ಟರು, "ಇನ್ನು ದೊಡ್ಡವರ ವಿಭಾಗದಲ್ಲಿ ತೋರಿಸ್ಕೋಬೇಕು" ಎಂದರು. ಅಲ್ಲಿನ ಗೋಡೆಯ ಜಿರಾಫೆ ಚಿತ್ರದ ಕೆಳಗಿನ ಪುಟ್ಟ ಕುರ್ಚಿಯಲ್ಲಿ ಮಂಡಿ ಮಡಚಿ ಕೂರುವುದು ತಪ್ಪಿತಲ್ಲ ಎಂದು ಬಸವಪ್ರಭುವಿಗೆ ಖುಷಿಯಾಯಿತು. ಮೊದಲ ಸಲ ಒಬ್ಬನೇ ಹೋದ.

"ಏನಪ್ಪಾ ಕಾಯಿಲೆ? ಯಾವ ಮಾತ್ರೆ ತಗೋತಿದ್ದೀಯ?" ಎಂದು ಹೊಸ ಡಾಕ್ಟರು ಕೇಳಿದರು.

ಅವನ ಬಾಯಿಂದ ಬಂದದ್ದು ಒಂದೇ ಮಾತು: "ಅಮ್ಮಂಗೆ ಗೊತ್ತು."

ಹಿಂದೆ ಸಾಲಿನಲ್ಲಿ ನಿಂತಿದ್ದವರು ಕಿಸಕ್ಕನೆ ನಕ್ಕರು. ಅವನು ಎದ್ದು ಬಂದುಬಿಟ್ಟ. ಮನೆಯಲ್ಲಿ, "ಇನ್ಮೇಲೆ ಮಾತ್ರೆ ಬೇಡ ಅಂದ್ರು ಕಣಮ್ಮ" ಎಂದ.

ತಿಪ್ಪಮ್ಮ ಕಣ್ಣೊರೆಸಿಕೊಂಡು ದೇವರಿಗೆ ಕಾಯಿ ಒಡೆದಳು. ಅಟ್ಟದಿಂದ ಚೊಂಬು ಇಳಿಸಿ, ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿದಳು. ಅವಳ ಮುಖ ನೋಡಿದ ಮೇಲೆ ನಿಜ ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಆ ಚೊಂಬಿನ ನೀರನ್ನೇ ಕುಡಿಯತೊಡಗಿದ. ವರ್ಷ ಕಳೆಯುವಷ್ಟರಲ್ಲಿ ಕೈ ನಡುಗಲು ಶುರುವಾಯಿತು.

ಒಂದು ಭಾನುವಾರ ಬೆಳಿಗ್ಗೆ ಮಂಜುಶ್ರೀ ಬಂದಳು. ಕುಣಿಗಲ್ಲಿನವಳು, ಅವನಿಗಿಂತ ನಾಲ್ಕೈದು ವರ್ಷ ದೊಡ್ಡವಳು, ಈಗ ಗುಬ್ಬಿಯಲ್ಲಿ ಟೀಚರ್. ಅವಳಿಗೂ ಇದೇ ಕಾಯಿಲೆ. ಚಿಕ್ಕವರಿದ್ದಾಗ ಇಬ್ಬರೂ ಅದೇ ಜಿರಾಫೆಯ ಕೆಳಗೆ ಕೂತವರು.

ಬಸವಪ್ರಭು ಪೂಜೆಗೆ ಕುಳಿತಿದ್ದ. ಹಣೆಯ ವಿಭೂತಿ ಗೆರೆಗಳು ಸೊಟ್ಟಗಾಗಿದ್ದವು. ಎಡ ಅಂಗೈಯಲ್ಲಿ ಇಷ್ಟಲಿಂಗ ಅಲುಗಾಡುತ್ತಿತ್ತು. ಅವಳು ನೋಡುತ್ತಿರುವುದು ತಿಳಿದು ಅವನು ಅದರ ಮೇಲೆ ಬಲಗೈ ಮುಚ್ಚಿದ. ಅದೂ ನಡುಗಿತು.

"ಚಳಿ ಕಣೇ" ಎಂದ.

"ಏಪ್ರಿಲ್‌ನಲ್ಲಿ ಚಳೀನಾ? ಮಾತ್ರೆ ಬಿಟ್ಟಿದ್ದೀಯ ಅಲ್ವೇನೋ?"

ತಿಪ್ಪಮ್ಮ ಚೊಂಬಿನಲ್ಲಿ ನೀರು ತಂದಳು. "ಅವ್ನಿಗೆ ವಾಸಿ ಆಯ್ತವ್ವಾ. ಹದಿನೆಂಟಾದ್ಮೇಲೆ ಬೇಡ ಅಂದವ್ರೆ. ನೀನಿನ್ನೂ ನುಂಗ್ತಾ ಇದ್ದೀಯಾ?"

"ಸಾಯೋವರ್ಗೂ ನುಂಗ್ಬೇಕು ತಿಪ್ಪಮ್ಮತ್ತೆ. ಬದಲಾಗೋದು ಡಾಕ್ಟ್ರು ಅಷ್ಟೇ. ಕಾಯಿಲೆಗೆ ನಮ್ ಹುಟ್ಟಿದಹಬ್ಬ ಯಾವತ್ತು ಅಂತ ಗೊತ್ತಾಗುತ್ತಾ?"

ತಿಪ್ಪಮ್ಮ ಮಗನ ಕಡೆ ತಿರುಗಿದಳು. ಅವನು ತಲೆ ಎತ್ತಲಿಲ್ಲ.

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ. ಚೊಂಬಿನ ನೀರನ್ನು ಬಿಲ್ವದ ಗಿಡದ ಬುಡಕ್ಕೆ ಸುರಿದು ಅಲ್ಲೇ ನಿಂತಳು. "ಗ್ಯಾಸ್ಟ್ರಿಕ್ ಅನ್ನು ಅಂತ ಕಲಿಸ್ದೋಳು ನಾನೇ ಅಲ್ವೇನಪ್ಪಾ" ಎಂದಳು. ಬಸವಪ್ರಭುವಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಮರುದಿನ ಮೂವರೂ ಆಸ್ಪತ್ರೆಗೆ ಹೋದರು. ದಾರಿಯುದ್ದಕ್ಕೂ ಮಂಜುಶ್ರೀ ಅವನಿಗೆ ಕಾಯಿಲೆಯ, ಮಾತ್ರೆಯ ಹೆಸರು ಬಾಯಿಪಾಠ ಮಾಡಿಸಿದಳು. ಡಾಕ್ಟರು ತಿಪ್ಪಮ್ಮನ ಮುಖ ನೋಡಿ, "ಏನಮ್ಮಾ ಇವನಿಗೆ?" ಎಂದರು.

"ಅವ್ನಿಗೆ ಗೊತ್ತು. ಅವ್ನನ್ನೇ ಕೇಳಿ ಸ್ವಾಮಿ."

ಅವನು ಹೇಳಿದ. ಕಾಯಿಲೆಯ ಹೆಸರು, ಮಾತ್ರೆಯ ಹೆಸರು, ಬಿಟ್ಟದ್ದು, ಸುಳ್ಳಾಡಿದ್ದು. ಡಾಕ್ಟರು ನಗಲಿಲ್ಲ. ಪರೀಕ್ಷೆ ಮಾಡಿಸಿ ಮತ್ತೆ ಔಷಧ ಶುರು ಮಾಡಿದರು. ನಡುಕ ಕಡಿಮೆಯಾಗಲು ತಿಂಗಳುಗಳೇ ಬೇಕು, ಪೂರ್ತಿ ಹೋಗುತ್ತದೆಂದು ಈಗಲೇ ಹೇಳಲಾಗದು, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು.

ಸಂಜೆ ಗುಂಡಯ್ಯ ಕೇಳಿದ: "ಏನ್ಲಾ, ಇವತ್ತೂನಾ?"

"ಯಾವತ್ತೂ ಕುಡ್ದಿಲ್ಲ ಗುಂಡಣ್ಣ. ನಂಗೆ ಕಾಯಿಲೆ ಇದೆ. ಮಾತ್ರೆ ಬಿಟ್ಟಿದ್ದೆ, ಅದಕ್ಕೆ ಕೈ ನಡುಗುತ್ತೆ." ಅವನ ಕಿವಿ ಕೆಂಪಾಗಿತ್ತು.

ಈಗ ತಲೆ ತಗ್ಗಿಸಿದ್ದು ಗುಂಡಯ್ಯ. "ತಗೋ, ಅರ್ಧರ್ಧ ಲೋಟ ಕೊಡ್ತೀನಿ. ಚೆಲ್ಲಲ್ಲ" ಎಂದ.

ನಿಮ್ಮ ಮನೆಯಲ್ಲೂ ಹುಟ್ಟಿನಿಂದ ಕಾಯಿಲೆಯಿರುವ ಮಗು ಬೆಳೆಯುತ್ತಿದ್ದರೆ ಹದಿನೆಂಟರವರೆಗೆ ಕಾಯಬೇಡಿ. ಹೈಸ್ಕೂಲಿನಲ್ಲಿರುವಾಗಲೇ ಕಾಯಿಲೆಯ ಹೆಸರು, ಔಷಧದ ಹೆಸರು ಮಗುವಿನ ಬಾಯಿಗೇ ಬರಲಿ. ಡಾಕ್ಟರ ಮುಂದೆ ಮಗುವೇ ಮಾತಾಡಲಿ, ನೀವು ಪಕ್ಕದಲ್ಲಿರಿ. ಮಕ್ಕಳ ಆಸ್ಪತ್ರೆ ಬಿಡುವ ಮೊದಲೇ ಮುಂದೆ ಯಾರ ಬಳಿ ಹೋಗಬೇಕೆಂದು ಕೇಳಿ, ಚಿಕಿತ್ಸೆಯ ವಿವರ ಬರೆಸಿಕೊಳ್ಳಿ. ಡಾಕ್ಟರು ಹೇಳದೆ ಔಷಧ ನಿಲ್ಲಿಸಬೇಡಿ. ವಿಲ್ಸನ್ ಕಾಯಿಲೆಯಾದರೆ ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಿ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ನಿಜ. ನಾಚಿಕೊಂಡೇ ಹೇಳಿ. ಆದರೆ ಹೇಳಿ.