ಮೂರು ಚುಕ್ಕೆ, ಒಂದು ಗೆರೆ

ಪುಟ್ಟೇನಹಳ್ಳಿಯ ಮಡಿವಾಳ ಪಿಳ್ಳಪ್ಪನಿಗೆ ಅಕ್ಷರ ಬಾರದು. ಆದರೂ ಊರಿನ ಇಪ್ಪತ್ತೆಂಟು ಮನೆಗಳ ಬಟ್ಟೆಯಲ್ಲಿ ಯಾವುದು ಯಾರದೆಂದು ಅವನು ಒಮ್ಮೆಯೂ ತಪ್ಪಿದವನಲ್ಲ. ನೇಯ್ಗೆ, ಅಂಚು, ಹರಿದು ಹೊಲಿದ ಜಾಗ, ಇಷ್ಟು ಕಂಡರೆ ಅವನಿಗೆ ಸಾಕಾಗಿತ್ತು. ೧೯೫೭ರಲ್ಲಿ ಜಾಲಹಳ್ಳಿ ಕಡೆಯ ಕ್ವಾರ್ಟರ್ಸಿನಿಂದ ಹನ್ನೆರಡು ಮನೆಗಳ ಬಟ್ಟೆಯೂ ಅವನಿಗೆ ಹೊಸದಾಗಿ ಸೇರಿತು. ಅಲ್ಲಿನ ಬಟ್ಟೆಗಳೆಲ್ಲ ಒಂದೇ ಬಿಳುಪು, ಒಂದೇ ಅಳತೆ. ಆ ವರ್ಷವೇ ಅಶ್ವತ್ಥಪ್ಪನವರ ಮಗಳು ಅಂಜನಮ್ಮನ ರವಿಕೆಯೊಂದು ಕ್ವಾರ್ಟರ್ಸಿಗೆ ಹೋಯಿತು. ಅಲ್ಲಿಯ ಗಂಡಸಿನ ಬನೀನೊಂದು ಅವರ ಮನೆಗೆ ಬಂತು.

“ಲಗ್ನಕ್ಕಿರೋ ಉಡುಗಿ ಮನೆಗೆ ಯಾವನ್ದೋ ಬನೀನು ತಂದು ಆಕ್ತೀಯೇನೋ?” ಎಂದು ಅಂಜನಮ್ಮನ ತಾಯಿ ಸುಬ್ಬಲಕ್ಷ್ಮಮ್ಮ ಬೀದಿಗೆ ಕೇಳುವಂತೆ ಕೂಗಿದರು. “ಒಂದು ಗುರುತು ಆಕೋಕೆ ನಿಂಗೇನು ದಾಡಿ?”

ಅಂದಿನಿಂದ ಪಿಳ್ಳಪ್ಪ ಊರಿನ ಬಟ್ಟೆಗೂ ಕ್ವಾರ್ಟರ್ಸಿನ ಬಟ್ಟೆಗೂ ಗುರುತು ಹಾಕತೊಡಗಿದ. ಕರಿಗೇರಿನ ಬೀಜಕ್ಕೆ ಸೂಜಿ ಚುಚ್ಚಿದರೆ ಕಪ್ಪು ಎಣ್ಣೆ ಒಸರುತ್ತದೆ. ಅದು ಬಟ್ಟೆಗೆ ಹತ್ತಿದರೆ ಬಟ್ಟೆ ಹರಿದರೂ ಬಿಡದು. ಅಶ್ವತ್ಥಪ್ಪನವರ ಮನೆಗೆ ಮೂರು ಚುಕ್ಕೆ, ಕೆಳಗೊಂದು ಗೆರೆ. ರವಿಕೆಯಾದರೆ ಕುತ್ತಿಗೆಯ ಒಳಮಡಿಕೆಯಲ್ಲಿ, ಸೀರೆಯಾದರೆ ಸೊಂಟಕ್ಕೆ ಸಿಕ್ಕಿಸುವ ತುದಿಯಲ್ಲಿ.

ಮರುವರ್ಷ ಯುಗಾದಿ ಕಳೆದ ಮೇಲೆ ಅಂಜನಮ್ಮನ ಹೆಗಲ ಮೇಲೆ, ಕತ್ತಿನ ಬುಡದಲ್ಲಿ ಗುಳ್ಳೆಗಳು ಎದ್ದವು. ಅಮ್ಮ ಬಂದಳೆಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಅಮ್ಮ ಬಂದ ಮನೆಯ ಬಟ್ಟೆ ಮಡಿವಾಳನಿಗೆ ಹೋಗಬಾರದು. ಹುಡುಗಿಗೆ ಪೆಟ್ಟಿಗೆಯ ತಳದಲ್ಲಿದ್ದ ಹಳೆಯ ಬಟ್ಟೆ ಉಡಿಸಿ, ಮನೆಯಲ್ಲೇ ಹಿಂಡಿ ಹಾಕಿದರು. ಒಂಬತ್ತನೆಯ ದಿನಕ್ಕೆ ಗುಳ್ಳೆ ಒಣಗಿತು. ಅಮ್ಮನಿಗೆ ತಂಬಿಟ್ಟಿನ ಆರತಿಯಾಯಿತು. ಬಟ್ಟೆ ಮತ್ತೆ ಕೆರೆಗೆ ಹೋಗಿ ಬಂದ ಮೂರನೆಯ ದಿನ ಗುಳ್ಳೆ ಮತ್ತೆ ಎದ್ದಿತು. ಹೀಗೆ ಮೂರು ಸಲ. ಮೂರನೆಯ ಸಲ ಸೊಂಟಕ್ಕೂ ಹಬ್ಬಿ, ಕೆರೆದು ಕೆರೆದು ಚರ್ಮ ಕಪ್ಪಾಯಿತು.

ಯಲಹಂಕದ ಡಾಕ್ಟರು ಕಪ್ಪಾದ ಹೆಗಲಿಗೆ ಸೂಜಿಯ ಮೊನೆ ತಾಗಿಸಿ ನೋಡಿದರು. ಹುಡುಗಿ ಚುರುಕೆಂದು ಹೆಗಲು ಸರಿಸಿಕೊಂಡಳು.

“ನೋವು ತಿಳೀತದೆ. ಇದು ಕುಷ್ಠ ಅಲ್ಲ. ಅಮ್ಮನೂ ಅಲ್ಲ, ಜ್ವರ ಇಲ್ಲ,” ಎಂದರು. “ಇವಳ ಚರ್ಮಕ್ಕೆ ಒಗ್ಗದ್ದು ಏನೋ ತಾಗ್ತಿದೆ. ಅದನ್ನ ಹುಡುಕಿ ಬಿಡಿಸಿ. ಬಿಡಿಸದೆ ಮುಲಾಮು ಹಚ್ಚಿದ್ರೆ ತೂತು ಕೊಡಕ್ಕೆ ನೀರು ಹೊಯ್ದ ಹಾಗೆ.”

ಮನೆಯವರು ಬದನೆಕಾಯಿ ಬಿಟ್ಟರು, ಸೀಗೆಪುಡಿ ಬಿಟ್ಟರು, ಅರಿಶಿನ ಬಿಟ್ಟರು. ಗುಳ್ಳೆ ಬಿಡಲಿಲ್ಲ. ಊರಿನ ಬಾಯಿ ಕುಷ್ಠವೆಂದೇ ಆಡಿತು; ಮಾತು ಅಂಜನಮ್ಮನನ್ನು ಗೊತ್ತುಮಾಡಿಕೊಂಡಿದ್ದ ಶೆಟ್ಟಿಹಳ್ಳಿಯ ಬೀಗರ ಕಿವಿಗೂ ಬಿತ್ತು. ಗಂಡಿನ ತಂದೆ ಚಿಕ್ಕಹನುಮಯ್ಯ ಹೇಳಿ ಕಳಿಸಿದರು: ಶುಕ್ರವಾರ ಬರುತ್ತೇವೆ, ಸಂಬಂಧ ಉಳಿಯುವುದೋ ಮುರಿಯುವುದೋ ಅಂದೇ ತೀರಲಿ.

ಗುರುವಾರ ಬಟ್ಟೆ ಕೇಳಲು ಹೋದ ಪಿಳ್ಳಪ್ಪನಿಗೆ ಸುಬ್ಬಲಕ್ಷ್ಮಮ್ಮ ಇದನ್ನೆಲ್ಲ ಹೇಳಿ ಅತ್ತರು. ಅವನು ಗಂಟು ಹೊತ್ತು ಕೆರೆಗೆ ಬಂದ. ಬಂಡೆಯ ಮೇಲೆ ರವಿಕೆ ಹರಡಿದಾಗ ಅವನ ಕೈ ನಿಂತಿತು. ತನ್ನ ಬಳಿಗೆ ಬಟ್ಟೆ ಬಾರದಿದ್ದಾಗ ಎರಡು ಸಲವೂ ವಾಸಿ. ಬಂದು ಹೋದಾಗ ಮೂರು ಸಲವೂ ಗುಳ್ಳೆ. ಊರಿನವರ ಬಟ್ಟೆಯೆಲ್ಲ ನೆನೆದದ್ದು ಇದೇ ನೀರಿನಲ್ಲಿ, ಇದೇ ಸವಳುಮಣ್ಣಿನಲ್ಲಿ. ಹೊಸದಾಗಿ ಸೇರಿದ್ದು ಒಂದೇ. ಕುತ್ತಿಗೆ ಪಟ್ಟಿಯನ್ನು ಮಗುಚಿದ. ಮೂರು ಚುಕ್ಕೆ, ಒಂದು ಗೆರೆ.

ಅವನ ತಂಗಿ ಚಿಕ್ಕವಳಿದ್ದಾಗ ಕರಿಗೇರುಮರದ ಕೆಳಗೆ ಕೂತೆದ್ದು ಬಂದರೆ ಮುಖವೆಲ್ಲ ಊದಿ ಗುಳ್ಳೆ ಏಳುತ್ತಿತ್ತು. ಅದು ಅವನಿಗೆ ತಿಳಿಯದ ಸಂಗತಿಯಲ್ಲ. ತಿಳಿದದ್ದನ್ನು ಮರೆತಿದ್ದ.

“ಬಾಯಿ ಮುಚ್ಕೊಂಡಿರು,” ಎಂದಳು, ಅವನಿಂದ ಇದನ್ನೆಲ್ಲ ಕೇಳಿದ ಹೆಂಡತಿ ಮುನಿಕೆಂಪಮ್ಮ. “ಇವತ್ತಿಂದ ಗುರುತು ಬಿಟ್ಬುಡು, ಯಾರ್ಗೂ ಗೊತ್ತಾಗಕಿಲ್ಲ. ಏಳಿದ್ರೆ ಒಂದು ಮನೆ ಅಲ್ಲ, ಊರೇ ಬಟ್ಟೆ ಕಿತ್ಕೊಳ್ತದೆ. ಆಮೇಲೆ ನೀನೂ ಕತ್ತೆನೂ ಮುಖ ನೋಡ್ಕೊಂಡು ಕೂತ್ಕಳಿ.”

“ಆಕಿರೋ ಗುರುತು ಓಗಕಿಲ್ವಲ್ಲೇ, ಕೆಂಪಿ. ನಾಳೆ ಆ ಉಡುಗೀನ ಬುಟ್ಟೋಯ್ತಾರೆ.”

ಮುನಿಕೆಂಪಮ್ಮ ರವಿಕೆಯನ್ನು ಮಡಿಸಿ ಅವನ ಕೈಗಿಟ್ಟಳು.

ಶುಕ್ರವಾರ ಚಿಕ್ಕಹನುಮಯ್ಯ ಜಗಲಿಯ ಮೇಲೆ ಕೂತಿದ್ದಾಗ ಪಿಳ್ಳಪ್ಪ ಅಂಗಳದಲ್ಲಿ ನಿಂತು, ರವಿಕೆಯ ಪಟ್ಟಿ ಮಗುಚಿ ತೋರಿಸಿ, ಇದ್ದುದನ್ನು ಇದ್ದ ಹಾಗೆ ಹೇಳಿದ. ಅಶ್ವತ್ಥಪ್ಪ ಸರಕ್ಕನೆ ಎದ್ದರು.

“ಲೋ ಪಿಳ್ಳ, ವರ್ಷದಿಂದ ನನ್ ಮಗಳ ಮೈಗೆ ವಿಷ ಬಳೀತಿದ್ದೀಯಾ?”

“ಕೂತ್ಕಳಿ, ಬೀಗ್ರೇ,” ಎಂದರು ಚಿಕ್ಕಹನುಮಯ್ಯ. “ಮಡಿವಾಳ ಯಾವಾಗ ಡಾಕ್ಟ್ರಾದ? ನೀವೇ ಏಳಿಕೊಟ್ಟಿದ್ದು ಅಂದ್ರೆ ನಾನು ಏನನ್ಲಿ? ಲೋ, ಬೀಜ ಮುಟ್ಟೋನು ನೀನು. ನಿನ್ ಕೈಗೆ ಯಾಕೆ ಏನೂ ಆಗಿಲ್ಲ?”

“ಎಲ್ಲಾರ ಚರ್ಮ ಒಂದೇ ಅಲ್ಲ ಸ್ವಾಮಿ. ನಂಗೆ ಏನೂ ಆಗಕಿಲ್ಲ, ನನ್ ತಂಗಿಗೆ ಆ ಮರದ ನೆಳ್ಳೇ ಆಗ್ತಿರಲಿಲ್ಲ.”

“ಬಾಯಿಮಾತು. ಸಾಕ್ಷಿ ಏನು?”

ಬಾಗಿಲ ಹಿಂದಿನಿಂದ ಅಂಜನಮ್ಮ ಹೊರಗೆ ಬಂದಳು. ತಾಯಿ ಸೆರಗು ಹಿಡಿದೆಳೆದರೂ ನಿಲ್ಲಲಿಲ್ಲ.

“ನಂಗೆ ಎರಡು ಕೈ ಇದಾವೆ,” ಎಂದಳು. “ಪಿಳ್ಳಣ್ಣ, ಒಂದು ಬಟ್ಟೆಗೆ ಗುರುತು ಆಕು, ಇನ್ನೊಂದಕ್ಕೆ ಬೇಡ. ಎರಡೂ ಕಟ್ಟಿ. ಮಾವನೋರೇ ಗಂಟು ಆಕ್ಲಿ.”

ಪಿಳ್ಳಪ್ಪ ಒಂದೇ ಥಾನಿನಿಂದ ಎರಡು ತುಂಡು ಹರಿದ. ಇಷ್ಟು ದಿನ ಅವನು ಮಾಡಿದ ನೋವು ತಿಳಿಯದೆ ಮಾಡಿದ್ದು. ಇದು ತಿಳಿದು ಮಾಡಬೇಕಾದದ್ದು. ಬೀಜಕ್ಕೆ ಸೂಜಿ ಚುಚ್ಚಿದ. ಚುಕ್ಕೆಗಳನ್ನು ಸಾಸಿವೆಗಿಂತ ಸಣ್ಣದಾಗಿ ಇಟ್ಟು, ಕೆಳಗೆ ಗೆರೆ ಎಳೆದ. ಚಿಕ್ಕಹನುಮಯ್ಯ ಗುರುತಿನ ತುಂಡನ್ನು ಬಲ ಮುಂಗೈಗೆ, ಬರಿಯ ತುಂಡನ್ನು ಎಡ ಮುಂಗೈಗೆ ತಾವೇ ಕಟ್ಟಿದರು. ಅಂದು ಬೀಗರು ತಮ್ಮ ಊರಿಗೆ ಹೊರಡಲಿಲ್ಲ.

ಎರಡು ದಿನ ಪಿಳ್ಳಪ್ಪ ಕೆರೆಗೆ ಇಳಿಯಲಿಲ್ಲ. ಗುಳ್ಳೆ ಏಳದಿದ್ದರೆ ಸಂಬಂಧ ಮುರಿಯುತ್ತದೆ. ಎದ್ದರೆ ತಾನು ಮುಳುಗುತ್ತೇನೆ. ಏಳಲಿ ಎಂದೇ ಬೇಡಿಕೊಂಡ.

ಭಾನುವಾರ ಬೆಳಿಗ್ಗೆ ಗಂಟು ಬಿಚ್ಚಿದರು. ಎಡಗೈ ತಿಳಿಯಾಗಿತ್ತು. ಬಲಗೈಯ ಚರ್ಮ ಕೆಂಪಗೆ ಉಬ್ಬಿತ್ತು. ಅದರ ನಡುವೆ ನೀರುಗುಳ್ಳೆಗಳು, ಯಾರೋ ಕೂತು ಬರೆದ ಹಾಗೆ, ಮೂರು ಚುಕ್ಕೆ, ಒಂದು ಗೆರೆ.

ಚಿಕ್ಕಹನುಮಯ್ಯ ಎರಡು ಕೈಗಳನ್ನೂ ಅಕ್ಕಪಕ್ಕ ಇಡಿಸಿ ನೋಡಿದರು. “ಲಗ್ನ ಇಡ್ಸಿ ಬೀಗ್ರೇ,” ಎಂದರು. ಆಮೇಲೆ ಹುಡುಗಿಯ ಕಡೆ ತಿರುಗಿ, “ಉರೀತದೇನವ್ವಾ?” ಎಂದು ಕೇಳಿದರು. ಅವಳು ಹೌದೆಂದು ತಲೆ ಆಡಿಸಿದಳು.

ಅಶ್ವತ್ಥಪ್ಪ ಪಿಳ್ಳಪ್ಪನ ಕಡೆ ನೋಡದೆ ಹೇಳಿದರು: “ಇನ್ನು ನಮ್ಮ ಬಟ್ಟೆ ಮುಟ್ಬೇಡ.”

“ಗುರುತು ಆಕು ಅಂದೋಳು ನಾನು,” ಎಂದರು ಸುಬ್ಬಲಕ್ಷ್ಮಮ್ಮ. “ಅವನ್ನ ಬಿಡ್ಸೋದಾದ್ರೆ ನನ್ನೂ ಬಿಡಿ.”

ಅಶ್ವತ್ಥಪ್ಪ ಎದ್ದು ಒಳಗೆ ಹೋದರು.

ಗುರುತಿದ್ದ ಪಟ್ಟಿಗಳನ್ನೂ ತುದಿಗಳನ್ನೂ ಕತ್ತರಿಸಿ ಹೂತರು. ಡಾಕ್ಟರ ಮುಲಾಮು ಈಗ ಕೆಲಸ ಮಾಡಿತು. ಹದಿನೈದು ದಿನಕ್ಕೆ ಕತ್ತು ತಿಳಿಯಾಯಿತು. ಪಿಳ್ಳಪ್ಪ ಕರಿಗೇರುಬೀಜದ ಡಬ್ಬಿಯನ್ನು ಎಸೆದ. ಮುನಿಕೆಂಪಮ್ಮ ಬಣ್ಣದ ದಾರದಲ್ಲಿ ಗುರುತು ಹೊಲಿಯತೊಡಗಿದಳು. ಅಷ್ಟು ಬಟ್ಟೆಗೂ ಹೊಲಿಗೆ ಪೂರೈಸದೆ ಕ್ವಾರ್ಟರ್ಸಿನ ಮನೆಗಳನ್ನು ಬಿಡಬೇಕಾಯಿತು. ಊರಿನಲ್ಲೂ ಒಂಬತ್ತು ಮನೆಯವರು ಬಟ್ಟೆ ಕೊಡುವುದನ್ನು ನಿಲ್ಲಿಸಿದರು. ಹತ್ತನೆಯ ಮನೆ ಅಶ್ವತ್ಥಪ್ಪನವರದಾಗಲಿಲ್ಲ; ಅಲ್ಲಿಂದ ಬಟ್ಟೆಯ ಗಂಟು ಬರುತ್ತಲೇ ಇತ್ತು.

ಮದುವೆಯ ದಿನ ಹೆಣ್ಣು ಹಸೆಗೆ ಬರುವ ದಾರಿಯಲ್ಲಿ ನಡೆಮಡಿ ಹಾಸುವುದು ಮಡಿವಾಳನ ಹಕ್ಕು. ಪಿಳ್ಳಪ್ಪ ಬಗ್ಗಿ, ಒಂದು ಚುಕ್ಕೆಯೂ ಇಲ್ಲದ ಬಿಳಿಯ ಬಟ್ಟೆಯನ್ನು ಹಾಸುತ್ತ ಹಿಂದೆ ಹಿಂದೆ ಸರಿದ. ಅಂಜನಮ್ಮ ಒಂದೊಂದೇ ಹೆಜ್ಜೆ ಇಟ್ಟು ಬಂದಳು. ಬಲಗೈಯ ಬಳೆಗಳು ಒಮ್ಮೆ ಮೇಲೆ ಸರಿದವು. ಗುಳ್ಳೆ ಮಾಗಿದ ಜಾಗದಲ್ಲಿ ಮೂರು ಚುಕ್ಕೆ, ಒಂದು ಗೆರೆ, ಕಪ್ಪಗೆ ಉಳಿದಿದ್ದವು.

ಪಿಳ್ಳಪ್ಪ ಕಣ್ಣು ಕೆಳಗಿಟ್ಟು, ಮುಂದಿನ ಹೆಜ್ಜೆಗೆ ಬಟ್ಟೆಯ ಸುಕ್ಕು ನೀವಿದ.