ಇಂಜಿನ್ನಿಗೆ ನಾಲ್ಕನೇ ಲೋಡು

ಗೊಟ್ಟಿಗೆರೆಯ ಮನೆಯಲ್ಲಿ ಹಂಡೆ ಬೆಳಗಿನಿಂದ ಒಲೆಯ ಮೇಲೆ ಬರಿದಾಗಿ ಕೂತಿತ್ತು. ಪ್ರಸನ್ನನ ಮಗಳು ಮೇಘಶ್ರೀಗೆ ಇವತ್ತು ಪುರುಡು ಕಳೆಯುವ ಸ್ನಾನ. ಬಾಣಂತಿಗೆ ಎರಡು ಚೊಂಬು ನೀರು ಚಿಮುಕಿಸಿ ಎಬ್ಬಿಸಿದರೆ ಆದೀತೇ? ಸೊಂಟಕ್ಕೆ, ಬೆನ್ನಿಗೆ ಹಂಡೆಗಟ್ಟಲೆ ಬಿಸಿನೀರು ಹುಯ್ಯಬೇಕು. ಆಮೇಲೆ ಮನೆ ತೊಳೆಯಬೇಕು, ಬಟ್ಟೆ ಒಗೆಯಬೇಕು. ಬೀದಿಯ ಬೋರ್‌ವೆಲ್ ಕೈಕೊಟ್ಟು ವಾರವಾಗಿತ್ತು. ಊರಿಗೆಲ್ಲ ನೀರು ಹೊಡೆಯುವ ಟ್ಯಾಂಕರ್ ಡ್ರೈವರನ ಮನೆಯ ಪಾಡು ಇದು, ನಗುವವರು ನಗಲಿ.

ಟ್ಯಾಂಕರ್ ಮಾಲೀಕ ದೇವರಾಜ್ ಮಾತು ಕೊಟ್ಟಿದ್ದ. "ಜೇಪಿ ನಗರದ ಇಂಜಿನ್‌ಗೆ ಮೂರು ಲೋಡ್ ಹಾಕ್ಬಿಡು ಪ್ರಸನ್ನ. ನಾಲ್ಕನೇದು ನಿಮ್ಮನೆಗೇ ತಗೊಂಡ್ಹೋಗು."

ಇಂಜಿನ್ನೆಂದರೆ ಹಳೆಯ ಕಾಲದ ದೊಡ್ಡ ಉಗಿಬಂಡಿಯದು. ಬಿಲ್ಡರೊಬ್ಬ ಎಲ್ಲಿಂದಲೋ ಕೊಂಡು ತಂದು ತನ್ನ ಹೊಸ ಅಪಾರ್ಟ್‌ಮೆಂಟಿನ ಮುಂದೆ ತುಂಡು ಹಳಿಯ ಮೇಲೆ ನಿಲ್ಲಿಸಿದ್ದ. ಉದ್ಘಾಟನೆಯ ದಿನ ಅದು ಹೊಗೆ ಬಿಡಬೇಕು, ಕೂಗಬೇಕು, ಅಷ್ಟೇ. ಎಲ್ಲಿಗೂ ಹೋಗಬೇಕಾಗಿಲ್ಲ. ಇಷ್ಟು ಸಂಪತ್ತಿಗೆ ಒಂದು ರಾಶಿ ಕಲ್ಲಿದ್ದಲು, ಮೂರು ಲೋಡು ನೀರು! ಪ್ರಸನ್ನ ಮೂರನ್ನೂ ಸುರಿದು, ನಾಲ್ಕನೆಯದನ್ನು ತುಂಬಿಕೊಂಡು ಬನ್ನೇರುಘಟ್ಟ ರಸ್ತೆ ಹಿಡಿದಿದ್ದ.

ಮನೆಯ ತಿರುವು ಕಾಣುವ ಹೊತ್ತಿಗೆ ದೇವರಾಜನ ಫೋನು. "ಗಾಡಿ ತಿರುಗ್ಸು. ಅಲ್ಲಿ ನೀರು ಸಾಲ್ತಿಲ್ವಂತೆ."

"ಅಣ್ಣಾ, ಮನೇಲಿ ಬಾಣಂತಿ..."

"ಗೊತ್ತಪ್ಪಾ. ಸಂಜೆ ಕರೆಂಟ್ ಬಂದು ಮೋಟರ್ ಓಡಿದ್ರೆ ಇನ್ನೊಂದು ಲೋಡ್ ಕೊಡ್ತೀನಿ. ಈಗ ತಿರುಗ್ಸು."

ಫೋನು ಎತ್ತಬಾರದಿತ್ತು ಎಂದು ಪ್ರಸನ್ನನಿಗೆ ಅನ್ನಿಸಿತು. ಆದರೆ ಗಾಡಿ ಅವನದಲ್ಲ, ನೀರೂ ಅವನದಲ್ಲ. ಬಯ್ಯುವುದಕ್ಕೂ ಮೈಯಲ್ಲಿ ತ್ರಾಣವಿರಲಿಲ್ಲ. ತಿರುಗಿಸಿದ.

ಇಂಜಿನ್ ನಡೆಸಲು ಜಯನಗರದಿಂದ ಕರೆಸಿದ್ದ ನಿವೃತ್ತ ರೈಲ್ವೆ ಡ್ರೈವರ್ ವಿಷ್ಣು ಬೆವರೊರೆಸಿಕೊಳ್ಳುತ್ತ ಎದುರು ಬಂದರು. "ಹಿಂದಿನ ತೊಟ್ಟಿ ತುಕ್ಕು ಹಿಡಿದು ಸೋರ್ತಿದೆಯಪ್ಪ. ಬೆಂಕಿ ಉರೀತಿರೋವಾಗ ಬಾಯ್ಲರ್‌ಗೆ ನೀರು ಕಮ್ಮಿ ಆಗೋ ಹಾಗಿಲ್ಲ, ಆದ್ರೆ ಸಿಡಿದುಬಿಡುತ್ತೆ. ಬೆಂಕಿ ಆರಿಸೋಣ ಅಂದ್ರೆ ಈ ಬಿಲ್ಡರ್ ಒಪ್ತಿಲ್ಲ, ಗೆಸ್ಟ್ ಬಂದುಬಿಟ್ರಂತೆ."

ಪ್ರಸನ್ನ ಪೈಪು ಹಚ್ಚಿದ. ನೀರು ಗಳಗಳನೆ ಇಳಿಯಿತು. ಎರಡು ಹಂಡೆಯಷ್ಟಾದರೂ ತಳದಲ್ಲಿ ಉಳಿಯಲಿ ಎಂದು ನಡುವೆ ಮೆಲ್ಲಗೆ ವಾಲ್ವ್ ಮುಚ್ಚಿದ. ವಿಷ್ಣು ನೋಡಿದರು. ಇಂಜಿನ್ ಹತ್ತಿ ನೀರಿನ ಮಟ್ಟ ತೋರಿಸುವ ಗಾಜನ್ನು ನೋಡಿ ಬಂದು, ತಲೆ ತಗ್ಗಿಸಿ ನಿಂತರು.

"ಇನ್ನೂ ಬೇಕಾ ಸಾರ್?"

"ಬೇಕು ಕಣಪ್ಪ. ಇದಕ್ಕೆ ಎಷ್ಟು ಕೊಟ್ರೂ ಬೇಕು."

ಪ್ರಸನ್ನ ವಾಲ್ವ್ ತೆರೆದ. ಕೊನೆಗೆ ಪೈಪು ಗೊರಗೊರ ಎಂದು ಗಾಳಿ ಎಳೆಯಿತು. ಅವನು ಟೈರಿಗೆ ಒರಗಿ ಕೂತುಬಿಟ್ಟ.

ಅಷ್ಟರಲ್ಲಿ ಹೆಂಡತಿ ರೇಖಾ ಫೋನು ಮಾಡಿದಳು. "ಎಲ್ಲಿದ್ದೀರಾ ರೀ? ಬಂದ್ರಾ? ಮಗೂಗೆ ಎಣ್ಣೆ ಹಚ್ಚಿ ಕೂತಿದೀವಿ. ಒಲೆ ಹಚ್ಚಿಬಿಡ್ಲಾ?"

ಅವನು ಬಾಯಿ ತೆರೆಯುವ ಮೊದಲೇ ಇಂಜಿನ್ ಕೂಗಿತು. ಜನ ಚಪ್ಪಾಳೆ ತಟ್ಟಿದರು, ಮೊಬೈಲುಗಳು ಮೇಲೆದ್ದವು. ಬೆಳ್ಳಗಿನ ಉಗಿ ಬಾಲ್ಕನಿಗಳನ್ನು ದಾಟಿ ಏರಿ, ನೋಡುತ್ತಿದ್ದಂತೆಯೇ ಇಲ್ಲವಾಯಿತು.

"ಅಯ್ಯೋ, ಏನ್ರೀ ಅದು ಹಂಗ್ ಕೂಗ್ತಿರೋದು?"

"ನಮ್ಮ ನೀರು ಕಣೇ," ಎಂದ ಪ್ರಸನ್ನ.