ಒಂದೇ ಟೂರ್ನಮೆಂಟಿಗೆ

ಮಾಘದ ಮಂಜು ಇನ್ನೂ ಬಿಟ್ಟಿರಲಿಲ್ಲ. ತೆಂಗಿನ ಮರಗಳಿಂದ ಹನಿ ಇಳಿದು ಬೆನ್ನ ಮೇಲೆ ಬೀಳುತ್ತಿದ್ದರೂ ಶಶಿ ತಲೆ ಎತ್ತದೆ ಹಸಿ ಸೋಗೆ ಹೆಣೆಯುತ್ತಿದ್ದ. ಅಣ್ಣನ ಚಟ್ಟಕ್ಕೆ ಎಷ್ಟುದ್ದ ಬೇಕೆಂದು ಯಾರೋ ಕೇಳಿದ್ದಕ್ಕೆ, "ನನಗಿಂತ ಒಂದು ಗೇಣು ಜಾಸ್ತಿ" ಎಂದಿದ್ದ. ಬೋರನಕಣಿವೆಯ ಕಡೆಯಿಂದ ಬೆಳಗಾಗೆದ್ದು ಬೀಸುವ ಗಾಳಿ ಆವತ್ತು ಉಸಿರು ಹಿಡಿದು ನಿಂತಿತ್ತು. ರೊಪ್ಪದೊಳಗೆ ಕುರಿಗಳು ಸುಮ್ಮನೆ ಒಂದಕ್ಕೊಂದು ಒತ್ತಿಕೊಂಡಿದ್ದವು.

ಅಣ್ಣ ಚಿತ್ತಯ್ಯ ಹಿಂದಿನ ದಿನ ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಬೆಳಗ್ಗೆ ವ್ಯಾನಿನಲ್ಲಿ ಹೆಣ ಬಂದಾಗ ಅತ್ತಿಗೆ ವನಜಾ ಹಟ್ಟಿಯ ಮುಳ್ಳುಬೇಲಿಯ ಹತ್ತಿರ ಇಳಿದು, ತನ್ನ ಚಪ್ಪಲಿ ಬಿಟ್ಟು, ಗಂಡನ ಬೂಟುಗಳನ್ನು ಲೇಸಿನಿಂದ ಬೇಲಿಯ ಗೂಟಕ್ಕೆ ಕಟ್ಟಿದಳು. ದೇವರಿರುವ ಹಟ್ಟಿಯೊಳಕ್ಕೆ ಮೆಟ್ಟಿದ್ದು ಬರುವಂತಿಲ್ಲ. ಹದಿನೆಂಟು ವರ್ಷ ಚಿತ್ತಯ್ಯ ಎಷ್ಟು ದೂರದಿಂದ ಬಂದರೂ ಆ ಗೂಟಕ್ಕೆ ಬೂಟು ಕಟ್ಟಿ, ಬರಿಗಾಲಲ್ಲೇ ತಾಯಿಯ ಮುಂದೆ ನಿಲ್ಲುತ್ತಿದ್ದ.

ಎಂಟು ಗಂಟೆಯ ಹೊತ್ತಿಗೆ ಬೇಲಿಯ ಆಚೆ ಒಂದು ಕಾರು ನಿಂತಿತು. ದೊಡ್ಡ ಹೂವಿನ ಚಕ್ರ ಹಿಡಿದುಕೊಂಡ ಐವತ್ತರ ಗಂಡಸೊಬ್ಬರು ಇಳಿದು, ಎದುರಿಗೆ ಸಿಕ್ಕ ಚಿಕ್ಕಗೌರಮ್ಮನನ್ನು ಕೇಳಿದರು.

"ಶಶಿಧರ್ ಅವರ ಮನೆ ಯಾವುದಮ್ಮ?"

"ಅಗಾ, ಗರಿ ಎಣೀತಾ ಕುಂತವ್ನಲ್ಲ, ಅವ್ನೇ ಕಣಪ್ಪ ಶಶಿ."

"ಅಲ್ಲಮ್ಮ, ತೀರಿಕೊಂಡ ಶಶಿಧರ್. ಫುಟ್‌ಬಾಲ್ ಶಶಿ."

ಚಿಕ್ಕಗೌರಮ್ಮ ಬಾಯಿ ತೆರೆಯುವಷ್ಟರಲ್ಲಿ ಹಟ್ಟಿಯ ಪೂಜಾರಿ ಜುಂಜಯ್ಯ ಓಡಿ ಬಂದ. "ಬನ್ನಿ ಸ್ವಾಮಿ, ಬನ್ನಿ. ಆಯಮ್ಮಂಗೆ ವಯಸ್ಸಾಗೈತೆ, ಯಾರು ಸತ್ರು ಯಾರು ಇದ್ರು ತಿಳಿಯಾಕಿಲ್ಲ. ಬೂಟ್ಸು ಮಾತ್ರ ಅಲ್ಲೇ ಬುಡ್ಬೇಕು."

ಬಂದವರು ಶ್ರೀರಂಗಯ್ಯ, ಚಿತ್ತಯ್ಯ ಕೊನೆಯ ಆರು ವರ್ಷ ಆಟಗಾರರ ಕೋಟಾದಲ್ಲಿ ಕೆಲಸಕ್ಕಿದ್ದ ಕಾರ್ಖಾನೆಯ ಅಧಿಕಾರಿ. ಅವರು ಹೆಣದ ಎದೆಯ ಮೇಲೆ ಇಟ್ಟ ಹೂವಿನ ಚಕ್ರದ ಪಟ್ಟಿಯನ್ನು ಶಶಿ ದೂರದಿಂದಲೇ ಓದಿದ. 'ನಮ್ಮ ಪ್ರೀತಿಯ ಸ್ಟ್ರೈಕರ್ ಶಶಿಧರ್ ಅವರಿಗೆ ಕಣ್ಣೀರಿನ ವಿದಾಯ.' ಅವನ ಕೈಯಲ್ಲಿದ್ದ ಗರಿ ನಡುವೆ ಸೀಳಿತು. ಇನ್ನೊಂದನ್ನು ಎಳೆದುಕೊಂಡ.

*

ತೊಂಬತ್ತನೇ ಇಸವಿಯ ಮಾತು. ಹಟ್ಟಿಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರಲ್ಲಿ ಶಶಿಯೇ ಮೊದಲು, ಅದೂ ಫಸ್ಟ್ ಕ್ಲಾಸಿನಲ್ಲಿ. ತಾಯಿ ಜಯಕ್ಕ ಮಾರ್ಕ್ಸ್ ಕಾರ್ಡನ್ನು ದೇವರ ಮುಂದಿಟ್ಟು, ಅರಿಶಿನದ ಹೆಬ್ಬೆಟ್ಟನ್ನು ಅದರ ಮೂಲೆಗೆ ಒತ್ತಿದ್ದಳು. ಶಶಿಗೆ ತುಮಕೂರಿಗೆ ಹೋಗಿ ಟಿಸಿಎಚ್ ಓದಬೇಕು, ಮೇಷ್ಟ್ರಾಗಬೇಕು ಅಂತ ಒಂದೇ ಆಸೆ.

ಚಿತ್ತಯ್ಯನಿಗೆ ಆಗ ಇಪ್ಪತ್ತೊಂದು. ಎರಡು ಸಲ ಪರೀಕ್ಷೆ ಕಟ್ಟಿ ಎರಡು ಸಲವೂ ಬಿದ್ದು, ಕುರಿ ಹಿಂದೆ ಓಡಾಡಿಕೊಂಡಿದ್ದ. ತೋಟದಲ್ಲಿ ಉದುರಿದ ತೆಂಗಿನ ಮಿಡಿಗಾಯನ್ನು ಬರಿಗಾಲಲ್ಲಿ ಒದೆದರೆ, ಹೇಳಿದ ಮರಕ್ಕೇ ಬಡಿಯುತ್ತಿತ್ತು. ಈ ಕಾಲನ್ನು ಕಂಡುಹಿಡಿದವರು ಹೈಸ್ಕೂಲಿನ ಆಟದ ಮೇಷ್ಟ್ರು ವೀರಭದ್ರಯ್ಯ. ಅವರೇ ಅಲೆದಾಡಿ ರಾಜ್ಯದ ಜೂನಿಯರ್ ತಂಡದ ಆಯ್ಕೆಯಲ್ಲಿ ಅವನಿಗೊಂದು ಅವಕಾಶ ಗಿಟ್ಟಿಸಿದ್ದರು. ಆದರೆ ತಂಡಕ್ಕೆ ಹತ್ತೊಂಬತ್ತರ ಒಳಗಿನವರೇ ಬೇಕು.

"ಕಾಲು ದೊಡ್ಡೋನ್ದು, ವಯಸ್ಸು ಚಿಕ್ಕೋನ್ದು" ಎಂದರು ಮೇಷ್ಟ್ರು, ಜಗುಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತ. "ಒಂದೇ ಟೂರ್ನಮೆಂಟಿಗೆ ಕಾರ್ಡು ಕೊಡು ಮಗ. ತಿಂಗಳೊಳಗೆ ವಾಪಸ್ ತಂದುಕೊಡೋದು ನನ್ನ ಜವಾಬ್ದಾರಿ."

ಜಯಕ್ಕ ಚಿಕ್ಕ ಮಗನ ಮುಖ ನೋಡಿದಳು. ಯಾರೂ ಬಲವಂತ ಮಾಡಲಿಲ್ಲ. ಮಳೆಗಾಲದಲ್ಲಿ ಹಳ್ಳ ದಾಟಿಸಿ ತನ್ನನ್ನು ಹೆಗಲ ಮೇಲೆ ಸ್ಕೂಲಿಗೆ ಹೊತ್ತೊಯ್ದ ಅಣ್ಣ ಎದುರಿಗೆ ತಲೆ ತಗ್ಗಿಸಿ ನಿಂತಿದ್ದ. ಶಶಿಯೇ ಒಳಗೆ ಹೋಗಿ, ದೇವರಿಗೆ ಕೈಮುಗಿದು, ಕಾರ್ಡು ತಂದು ಅವನ ಕೈಗಿಟ್ಟ.

ಆ ಟೂರ್ನಮೆಂಟಿನಲ್ಲಿ ಚಿತ್ತಯ್ಯ ಆರು ಗೋಲು ಹೊಡೆದ. ಪೇಪರಿನಲ್ಲಿ ಬಂದದ್ದು ಶಶಿಧರ್ ಎಂಬ ಹೆಸರು. ಮುಂದೆ ಅವನ ಕಾಲನ್ನು ಆ ಹೆಸರಿನಿಂದ ಬಿಡಿಸಲು ಯಾರಿಂದಲೂ ಆಗಲಿಲ್ಲ. ಕಲ್ಕತ್ತಾ, ಗೋವಾ, ಕೇರಳ, ಪಂಜಾಬು, ಮತ್ತೆ ಗೋವಾ; ಹನ್ನೆರಡು ವರ್ಷದಲ್ಲಿ ಎಂಟು ಕ್ಲಬ್ಬು. ಪ್ರತಿ ಕ್ಲಬ್ಬಿನವರೂ ಕಾರ್ಡು ಕೇಳುತ್ತಿದ್ದರು. ಶಶಿಯ ಕಾರ್ಡು ರೈಲಿನಲ್ಲಿ ದೇಶವೆಲ್ಲ ತಿರುಗಿತು. ಶಶಿ ಹುಳಿಯಾರಿನ ಸಂತೆ ದಾಟಲಿಲ್ಲ.

"ತಂದ್ಯೇನಣ್ಣ?" ಎಂದು ಅವನು ಬೇಲಿಯ ಹತ್ತಿರವೇ ಕೇಳುತ್ತಿದ್ದ.

"ಮುಂದಿನ ಸಲ ಕಣ್ಲಾ. ಹೊಸ ಕ್ಲಬ್ಬಿನೋರು ಮಡಿಕ್ಕೊಂಡವ್ರೆ. ದೇವ್ರಾಣೆ ತಂದ್ಕೊಡ್ತೀನಿ" ಎಂದು ಚಿತ್ತಯ್ಯ ಬೂಟಿನ ಲೇಸು ಗೂಟಕ್ಕೆ ಬಿಗಿಯುತ್ತಿದ್ದ, ತಮ್ಮನ ಮುಖ ನೋಡದೆ.

ಇನ್ನೊಂದು ಪ್ರತಿ ತೆಗೆಸಬಹುದಿತ್ತು. ಒಂದೇ ನಂಬರಿಗೆ ಇಬ್ಬರು ಶಶಿಧರರು ಕಂಡರೆ ಅಣ್ಣನ ಆಟ ಅಲ್ಲಿಗೆ ಮುಗಿಯುತ್ತದೆ ಎಂದು ವೀರಭದ್ರಯ್ಯನವರು ಹೆದರಿಸಿದರು. ಎರಡು ವರ್ಷ ಕಾಲ ಹಾಕಿ, ಶಶಿ ಕಾಯಿ ಸುಲಿಯುವ ಕೆಲಸಕ್ಕೆ ಬಿದ್ದ. ಸಾಕ್ಷರತೆಯ ಚಳವಳಿ ಬಂದಾಗ ಮಾತ್ರ ಒಂದು ವರ್ಷ ಹಟ್ಟಿಯ ಹಿರಿಯರನ್ನೆಲ್ಲ ಕೂರಿಸಿಕೊಂಡು ಅವರವರ ಹೆಸರು ಬರೆಯುವುದನ್ನು ಕಲಿಸಿದ. ಅದಕ್ಕೆ ಯಾರೂ ಅವನ ಕಾರ್ಡು ಕೇಳಲಿಲ್ಲ. ಅಂದಿನಿಂದ ಹಟ್ಟಿಗೆ ಅವನು ಮೇಷ್ಟ್ರು.

*

ಹೆಣದ ಸುತ್ತ ಕೂತವರು ಅಳು ಇಳಿದು ಮಾತಿಗೆ ಬಿದ್ದಿದ್ದರು.

"ಕಲ್ಕತ್ತಾದಾಗೆ ಲಕ್ಷ ಜನ ಎದ್ದು ನಿಂತು 'ಶೋಶಿ, ಶೋಶಿ' ಅಂತ ಕೂಗೋರಂತೆ" ಎಂದ ಜುಂಜಯ್ಯ. "ನಮ್ಮ ಮೇಷ್ಟ್ರು ಇಲ್ಲಿ ಕಾಯಿ ಸುಲೀತಾ ಕುಂತಿರೋನು. ಕೇಳಿಸ್ತೇನ್ಲಾ ಯಾವತ್ತಾದ್ರೂ?"

"ಬಿಕ್ಕಳಿಕೆ ಬರೋದು ಕಣಜ್ಜ" ಎಂದ ಶಶಿ.

ಯಾರೋ ನಕ್ಕು, ನಕ್ಕದ್ದಕ್ಕೆ ನಾಚಿ ಬಾಯಿಗೆ ಟವಲು ಒತ್ತಿಕೊಂಡರು.

ಶ್ರೀರಂಗಯ್ಯ ಶಶಿಯನ್ನು ಹುಣಸೆಮರದ ಕೆಳಗೆ ಕರೆದುಕೊಂಡು ಹೋದರು. "ನೀವು ಅವರ ಅಣ್ಣ ಚಿತ್ತಯ್ಯನವರು ಅಲ್ವಾ? ಫೈಲಿನಲ್ಲಿ ಒಬ್ಬ ಅಣ್ಣ ಇದ್ದಾರೆ ಅಂತಿದೆ."

ಶಶಿ ಕೈಗಂಟಿದ ಸೋಗೆಯ ನಾರು ಬಿಡಿಸಿಕೊಂಡ.

"ವನಜಾ ಅವರಿಗೆ ನಮ್ಮಲ್ಲಿ ಕೆಲಸ ಕೊಡಿಸಬಹುದು. ಮಗುವಿನ ಓದು, ಮನೆ ಎಲ್ಲ ನಡೆಯುತ್ತೆ. ಮರಣಪತ್ರ ಬೆಂಗಳೂರಲ್ಲೇ ಆಗುತ್ತೆ. ಇಲ್ಲಿಂದ ವಂಶವೃಕ್ಷ ಒಂದು ಬೇಕು. ಅಣ್ಣನ ಸಹಿ, ಊರಿನ ಐದು ಜನರ ಸಹಿ. ಎಲ್ಲರೂ ಸೇರಿರೋವಾಗಲೇ ಹಾಕಿಸಿಬಿಡಿ, ಇನ್ನೆರಡು ವಾರದಲ್ಲಿ ಕಮಿಟಿ ಕೂರುತ್ತೆ. ಆಮೇಲೆ ನನ್ನ ಕೈಲಿ ಏನೂ ಇಲ್ಲ."

ಅವರು ಕೊಟ್ಟ ಕಾಗದದ ಮೇಲ್ತುದಿಯಲ್ಲಿ ತಂದೆಯ ಹೆಸರಿತ್ತು. ಅದರ ಕೆಳಗೆ ಎರಡು ಗೆರೆ. ಒಂದರ ತುದಿಗೆ: ಚಿತ್ತಯ್ಯ, ಜೀವಂತ. ಇನ್ನೊಂದರ ತುದಿಗೆ: ಶಶಿಧರ, ಮರಣ.

ಅವರು ಅತ್ತ ಹೋದ ಮೇಲೆ ಜುಂಜಯ್ಯ ಹತ್ತಿರ ಬಂದ. ವಿಷಯ ಕೇಳಿ, ಹಾಳೆ ಇಸಿದುಕೊಂಡು ಒಂದೊಂದೇ ಅಕ್ಷರ ಕೂಡಿಸಿ ಓದಿದ.

"ರುಜು ಹಾಕಿದ್ರೆ ನೀನು ಸತ್ತಂಗೆ ಕಣ್ಲಾ. ರೇಷನ್ನು, ಓಟು, ನಾಳೆ ಅಪ್ಪನ ತೋಟದಾಗೆ ಭಾಗ, ಯಾವ್ದಕ್ಕೋದ್ರೂ ಸತ್ತೋನು ಅಂತಾರೆ."

"ಹಾಕ್ದೆ ಹೋದ್ರೆ ಆ ಮಗೂನ ಕರ್ಕೊಂಡು ಅತ್ತಿಗೆ ಎಲ್ಲಿಗೋಗ್ಬೇಕು?"

ಎಂಟು ವರ್ಷದ ಯಮುನಾ ಅಪ್ಪನ ಕಾಲ ಬಳಿ ಕೂತು, ಮೊಣಕಾಲಿನ ಮೇಲಿದ್ದ ಹಳೆಯ ಹೊಲಿಗೆಯ ಗುರುತನ್ನು ಬೆರಳಿನಿಂದ ಸವರುತ್ತಿದ್ದಳು.

*

ಆ ಮೊಣಕಾಲಿಗೇ ಇಂಜೆಕ್ಷನ್ ಚುಚ್ಚಿ ಚುಚ್ಚಿ ಹನ್ನೆರಡು ವರ್ಷ ಆಡಿಸಿದ್ದರು. ನೋವೇನೋ ಸುಮ್ಮನಿತ್ತು, ಔಷಧಿ ಒಳಗೊಳಗೇ ಎರಡು ಕಿಡ್ನಿಯನ್ನೂ ತಿಂದುಹಾಕಿತ್ತು. ಹೋದ ವರ್ಷ ಶಶಿ ಬೆಂಗಳೂರಿಗೆ ಹೋಗಿ, "ನನ್ನದೊಂದು ತಗಳ್ಳಿ" ಎಂದು ಡಾಕ್ಟರ ಮುಂದೆ ಕೂತ. ರಕ್ತ ಹೊಂದಿತು. ಎಲ್ಲ ಹೊಂದಿತು. ಆಮೇಲೆ ಗುಮಾಸ್ತೆ ಇಬ್ಬರ ಫೋಟೋ ಇರುವ ಚೀಟಿ ಕೇಳಿದಳು. ಎರಡು ಚೀಟಿಯನ್ನೂ ಮೇಜಿನ ಮೇಲಿಟ್ಟು ನೋಡಿದಳು. ಒಂದೇ ಹೆಸರು, ಒಂದೇ ತಂದೆ, ಒಂದೇ ಹುಟ್ಟಿದ ದಿನ. ಮುಖ ಮಾತ್ರ ಬೇರೆ.

"ಇದೇನ್ರೀ ಇದು?" ಎಂದಳು.

ನಿಜ ಹೇಳಿದರೆ ಚಿತ್ತಯ್ಯನ ಕೆಲಸ ಹೋಗುತ್ತಿತ್ತು; ಕೆಲಸದ ಜೊತೆ ಆಸ್ಪತ್ರೆಯ ಖರ್ಚು ನೋಡುವವರೂ ಹೋಗುತ್ತಿದ್ದರು. ಚಿತ್ತಯ್ಯ ಎರಡೂ ಚೀಟಿ ಎತ್ತಿಕೊಂಡು ಹೊರಗೆ ಬಂದು, ಮೆಟ್ಟಿಲ ಮೇಲೆ ಕೂತು, ಮೊದಲು ನಕ್ಕ.

"ಶಶಿಧರ ಶಶಿಧರಂಗೇ ಕಿಡ್ನಿ ಕೊಡಕ್ಕಾಯ್ತದೇನ್ಲಾ? ಯಾವ ಕಾನೂನ್ನಾಗೂ ಇಲ್ಲ ಕಣೋ."

ನಗು ನಿಂತ ಮೇಲೆ ತಮ್ಮನ ಕೈ ಹಿಡಿದುಕೊಂಡ. ಆ ಕೈ ಕಾಯಿ ಸುಲಿದು ಸುಲಿದು ತೊಗಟೆಯಂತಾಗಿತ್ತು. ಅದನ್ನು ಮಗುಚಿ ನೋಡಿದ. "ಬಳಪ ಹಿಡೀಬೇಕಾಗಿದ್ದ ಕೈ ಇದು" ಎಂದ. ಅಷ್ಟೇ. ಕಾರ್ಡು ಕಾರ್ಖಾನೆಯ ಫೈಲಿನಲ್ಲಿತ್ತು. ಅಂದು ಶಶಿ ಅದನ್ನು ಕೇಳಲಿಲ್ಲ.

*

ಮಧ್ಯಾಹ್ನದ ಹೊತ್ತಿಗೆ ಮಂಜು ಹರಿದು ಬಿಸಿಲು ಬಿತ್ತು. ತೋಟದ ಅಂಚಿನ ಗುಂಡಿಯ ಹತ್ತಿರ ಹೆಣ ಇಳಿಸಿದರು.

ಆ ಹಟ್ಟಿಯಲ್ಲಿ ಒಂದು ನಡಾವಳಿ ಇದೆ. ಮಣ್ಣು ಹಾಕುವ ಮೊದಲು ರಕ್ತಸಂಬಂಧಿಯೊಬ್ಬ ಸತ್ತವನನ್ನು ಹೆಸರು ಹಿಡಿದು ಮೂರು ಸಲ ಕೂಗಬೇಕು. ಕೂಗಿದ ಹೆಸರು ಕೇಳಿಯೇ ದೇವರು ಬಂದು ಕೈ ಹಿಡಿಯುವುದು. ಹೆಸರು ತಪ್ಪಿದರೆ ಸತ್ತವನು ನಡುದಾರಿಯಲ್ಲಿ ನಿಂತುಬಿಡುತ್ತಾನೆ ಎಂದು ಹಿರಿಯರು ನಂಬಿಕೊಂಡು ಬಂದಿದ್ದಾರೆ.

ಗುಂಡಿಯ ಆ ಬದಿಗೆ ಶ್ರೀರಂಗಯ್ಯ ಬರಿಗಾಲಲ್ಲಿ ಕೈಕಟ್ಟಿ ನಿಂತಿದ್ದರು. ಈ ಬದಿಗೆ ಇಡೀ ಹಟ್ಟಿ. ಜುಂಜಯ್ಯ ದೇವರ ಭಂಡಾರವನ್ನು ಶಶಿಯ ಹಣೆಗಿಟ್ಟು, "ಕೂಗು ಮಗ" ಎಂದ. ಯಾರನ್ನು ಎಂದು ಹೇಳಲಿಲ್ಲ.

ಶಶಿ ಗುಂಡಿಗಿಳಿದ. ಅಣ್ಣನ ತಲೆಯನ್ನು ನೆಟ್ಟಗೆ ಮಾಡುವವನಂತೆ ಬಗ್ಗಿ, ಕಿವಿಗೆ ಬಾಯಿಟ್ಟ. "ಚಿತ್ತಣ್ಣ, ಇದು ನಿನ್ನ ಹೆಸ್ರು, ಮೊದ್ಲು ಕೇಳುಸ್ಕೊ. ಈಗ ಮೇಲೆ ಕೂಗೋದು ಜನಕ್ಕೆ." ಹತ್ತಿ ಮೇಲೆ ನಿಂತ.

"ಶಶೀ..."

ತೋಟದ ಮೇಲಿಂದ ಕಾಗೆಗಳು ಎದ್ದವು.

"ಶಶೀ..."

ತನ್ನ ಹೆಸರನ್ನು ಇಷ್ಟು ಜೋರಾಗಿ ಅವನು ಯಾವತ್ತೂ ಕೇಳಿರಲಿಲ್ಲ. ಮೂರನೆಯ ಸಲ ಧ್ವನಿ ಒಡೆಯಿತು. ಹೆಂಗಸರ ಗುಂಪಿನಿಂದ ಜಯಕ್ಕ ಎದೆ ಬಡಿದುಕೊಂಡು ಕೂಗಿದಳು.

"ಯಾರನ್ನ ಕಳುಸ್ತಿದೀಯೋ ಕಂದಾ! ನಿಲ್ಸೋ! ಇಬ್ರನ್ನೂ ಒಂದೇ ಗುಂಡೀಗೆ ಹಾಕ್ಬೇಡ್ರೋ!"

"ತಾಯಿ ಕರುಳು" ಎಂದು ಶ್ರೀರಂಗಯ್ಯ ಕಣ್ಣೊರೆಸಿಕೊಂಡರು.

ಶಶಿ ಮೂರು ಹಿಡಿ ಮಣ್ಣು ಹಾಕಿದ.

ಮನೆಗೆ ಬಂದು, ಕೈಕಾಲು ತೊಳೆದು, ಹೆಣ ಮಲಗಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪಕ್ಕೆ ಎಲ್ಲರೂ ನಮಸ್ಕರಿಸಿದರು. ಆ ದೀಪದ ಪಕ್ಕದಲ್ಲೇ ವಂಶವೃಕ್ಷದ ಹಾಳೆ ಬಿಚ್ಚಿದರು. ಶಶಿ ಮೊದಲು ಬರೆದ. 'ಚಿತ್ತಯ್ಯ'. ಗುಂಡಗಿನ, ಮೇಷ್ಟ್ರ ಅಕ್ಷರ. ಆಮೇಲೆ ಸಾಕ್ಷಿಗಳು. ಹೆಬ್ಬೆಟ್ಟು ಒತ್ತುವವರು ಒಬ್ಬರೂ ಇರಲಿಲ್ಲ. ಐವರೂ ಶಶಿಯ ಹತ್ತಿರ ಅಕ್ಷರ ಕಲಿತವರು. ಜುಂಜಯ್ಯ ನಾಲಗೆ ಕಚ್ಚಿಕೊಂಡು ನಿಧಾನವಾಗಿ ಬರೆದ. ಕೊನೆಗೆ ಚಿಕ್ಕಗೌರಮ್ಮ ಪೆನ್ನು ಹಿಡಿದು ಅರ್ಧಕ್ಕೆ ನಿಂತು, ರೂಢಿಯಂತೆ ತಲೆ ಎತ್ತಿದಳು.

"ನೋಡ್ಲಾ ಮೇಷ್ಟ್ರೇ, ಕ ಕ್ಕೆ ಒತ್ತು ಸರಿಯಾಗೈತಾ?"

ಶಶಿ ಬಗ್ಗಿ ನೋಡಿದ. "ಇನ್ನೊಸಿ ಕೆಳಕ್ಕೆ ಎಳಿ, ಅಜ್ಜಿ" ಎಂದ.

ಅವಳು ಎಳೆದಳು. ಹಾಳೆಯ ಮೇಲೆ ಒಂದು ಹನಿ ಬಿತ್ತು. ಸೆರಗಿನಿಂದ ಒತ್ತಿ ತೆಗೆದಳು.

ಇಳಿಹೊತ್ತಿಗೆ ಶ್ರೀರಂಗಯ್ಯ ಹೊರಟರು. ಬೇಲಿಯ ಆಚೆ ಬೂಟು ಹಾಕಿಕೊಂಡು, ಕಾರಿನಿಂದ ಒಂದು ಕಂದು ಲಕೋಟೆ ತೆಗೆದು ವನಜಾಳಿಗೆ ಕೊಟ್ಟರು. "ಅವರ ಫೈಲಿನಲ್ಲಿದ್ದ ಒರಿಜಿನಲ್ಸ್ ಅಮ್ಮ. ಇನ್ನು ನಮಗೆ ಬೇಕಾಗಲ್ಲ."

ಕಾರು ಎಬ್ಬಿಸಿದ ಧೂಳು ಅಡಗುವ ತನಕ ವನಜಾ ಅಲ್ಲೇ ನಿಂತಿದ್ದಳು. ಆಮೇಲೆ ತೊಟ್ಟಿಯ ಹತ್ತಿರ ಹೋಗಿ ಕೈ ತೊಳೆದು, ಸೆರಗಿಗೆ ಒರೆಸಿ, ಲಕೋಟೆಯಿಂದ ಒಂದು ಹಾಳೆಯನ್ನು ಮಾತ್ರ ಬೇರೆ ಮಾಡಿದಳು. ಶಶಿ ಬೇಲಿಯ ಗೂಟದ ಬುಡದಲ್ಲಿ, ಬೂಟುಗಳ ಕೆಳಗೆ ಕೂತಿದ್ದ. ಅವಳು ಎರಡೂ ಕೈಯಲ್ಲಿ ಅದನ್ನು ಅವನ ಮುಂದೆ ಹಿಡಿದಳು.

ಎಂಟು ಕ್ಲಬ್ಬಿನ ಮಡಿಕೆ ಬಿದ್ದು ಹಾಳೆ ಬಟ್ಟೆಯಂತೆ ಮೆತ್ತಗಾಗಿತ್ತು. ಶಶಿ ಎದ್ದು ನಿಂತು, ಎರಡೂ ಕೈ ಚಾಚಿ ತೆಗೆದುಕೊಂಡ. ಶಶಿಧರ. ಪ್ರಥಮ ದರ್ಜೆ. ಮೂಲೆಯಲ್ಲಿ ತಾಯಿಯ ಹೆಬ್ಬೆಟ್ಟಿನ ಅರಿಶಿನ ಹದಿನೆಂಟು ವರ್ಷದ ಮೇಲೂ ಹಳದಿಯಾಗೇ ಇತ್ತು.